ಬಂದಳಿಕೆ ಸೀಮೆಯ ಕೋಡಿಮಠ

ಬಂದಳಿಕೆಗೆ ಜನ ಬರುವುದು ಬನಶಂಕರಿಯ ದರ್ಶನಕ್ಕೆ; ಶಾಸನದ ಹುಚ್ಚಿನವರು ಬರುವುದು ಜಕ್ಕಿಯಬ್ಬೆಗಾಗಿ. ರಾಷ್ಟ್ರಕೂಟರ ಕಾಲದಲ್ಲಿ, 10ನೇ ಶತಮಾನದ ಆರಂಭದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತು ಎಂಬ ನಾಡಿನ ಆಡಳಿತ ನಡೆಸಿದವಳು ಈಕೆ. ಕಾಯಿಲೆ ಬಿದ್ದಾಗ ಮಗಳಿಗೆ ಅಧಿಕಾರ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ಕೈಗೊಂಡಳು. ಇಂಥ ಸೀಮೆಯಲ್ಲಿ ಓದು ಬರಹ ಎಲ್ಲಿ ನಡೆಯುತ್ತಿತ್ತು ಎಂದು ಕೇಳಿದರೆ, ತೋರಿಸಲು ಒಂದು ಕಟ್ಟಡ ಇನ್ನೂ ನಿಂತಿದೆ. ಅದಕ್ಕೆ ಶಿರಾಳಕೊಪ್ಪದ ಮಗ್ಗುಲಿನ ಬಳ್ಳಿಗಾವಿಗೆ ಹೋಗಬೇಕು.

ಬನವಾಸಿ ಹನ್ನೆರಡು ಸಾಸಿರ ಎಂಬ ನಾಡಿನ ರಾಜಧಾನಿಯಾಗಿ ಮೆರೆದ ಊರು ಅದು. ಓದು ಬರಹ ನಡೆಯುತ್ತಿದ್ದ ಮಠ ಇದ್ದದ್ದು ಪೇಟೆಯ ನಡುವೆ ಅಲ್ಲ, ತಾವರೆಕೆರೆಯ ಕೋಡಿಯ ಬಳಿ. ಹಾಗಾಗಿಯೇ ಕೋಡಿಯ ಮಠ. ಈಗ ಅಲ್ಲಿರುವುದು ಕೇದಾರೇಶ್ವರ ದೇವಾಲಯ: ಮೂರು ಗರ್ಭಗುಡಿ, ಒಂದು ತೆರೆದ ಮಂಟಪ, ತಿರುಗಣಿಯಲ್ಲಿ ಕಡೆದ ಬಳಪದ ಕಲ್ಲಿನ ಕಂಬಗಳು. ಕಂಬದ ಮೈ ಮುಟ್ಟಿ ನೋಡಿ, ಒಂಬೈನೂರು ವರ್ಷದ ಮೇಲೂ ನುಣುಪು ಮಾಸಿಲ್ಲ.

ಕಾಳಾಮುಖ ಶೈವರ ಮಠ ಇದು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ವಾಮಶಕ್ತಿ ಎಂದು ಗುರುಗಳ ಸಾಲು ಶಾಸನಗಳಲ್ಲಿ ಸಿಗುತ್ತದೆ. 1162ರಲ್ಲಿ ಕಳಚುರಿ ಬಿಜ್ಜಳ, ಅಂದರೆ ಬಸವಣ್ಣನ ಕತೆಯಲ್ಲಿ ಬರುವ ಅದೇ ಬಿಜ್ಜಳ, ದಕ್ಷಿಣದ ದಂಡಯಾತ್ರೆಯ ನಡುವೆ ಬಳ್ಳಿಗಾವಿಯಲ್ಲಿ ಬೀಡುಬಿಟ್ಟು ಮಠಕ್ಕೆ ದತ್ತಿ ಬಿಟ್ಟ. ಆಗ ಬರೆಸಿದ ಶಾಸನದಲ್ಲಿ ಮಠದ ವರ್ಣನೆ ಇದೆ. ಹೊಗಳಿಕೆ ಸ್ವಲ್ಪ ಜಾಸ್ತಿಯೇ ಇರಬಹುದು, ದಾನಶಾಸನದ ಜಾಯಮಾನವೇ ಅದು. ಆದರೂ ಪಟ್ಟಿ ಓದಿದರೆ ಮೈ ಜುಮ್ಮೆನ್ನುತ್ತದೆ: ಅಂಗಸಹಿತ ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ಮುಂತಾದ ದರ್ಶನಗಳು, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಶಾಕಟಾಯನ ಜೈನ ವ್ಯಾಕರಣಕಾರ. ಶೈವಮಠದಲ್ಲಿ ಜೈನನ ವ್ಯಾಕರಣ, ಬೌದ್ಧರ ದರ್ಶನ! ವಾದಕ್ಕೆ ಕೂರಬೇಕಾದರೆ ಎದುರಾಳಿಯ ಶಾಸ್ತ್ರವೂ ಬಾಯಲ್ಲಿರಬೇಕಿತ್ತು. ಬಂದಳಿಕೆಯ ಶಾಂತಿನಾಥ ಬಸದಿಯವರು ದೂರದವರೇನಲ್ಲವಲ್ಲ.

ಪಾಠದ ಜೊತೆಗೆ ಊಟ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಜೈನ ಬೌದ್ಧ ಭಿಕ್ಷುಗಳು ಎಲ್ಲರಿಗೂ ಇಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧಿಯಿತ್ತು. ಇಷ್ಟೆಲ್ಲ ನಡೆದದ್ದು ಈ ಮಂಟಪವೊಂದರಲ್ಲೇ ಆಗಿರಲಾರದು. ಅಡುಗೆಮನೆ, ವಿದ್ಯಾರ್ಥಿಗಳು ಮಲಗುವ ತಾಣಗಳು ಮರ ಮಣ್ಣಿನವಾಗಿದ್ದಿರಬೇಕು, ಮಲೆನಾಡ ಸೆರಗಿನ ಮಳೆಗೆ ಅವು ಉಳಿಯುವ ಮಾತೆಲ್ಲಿ. ಉಳಿದದ್ದು ದೇವರ ಪಾಲಿನ ಕಲ್ಲು. ನಾವು ಗುಡಿಯೆಂದು ಕರೆದು ಪ್ರದಕ್ಷಿಣೆ ಹಾಕುತ್ತಿರುವುದು ಒಂದು ವಿದ್ಯಾಸಂಸ್ಥೆಯ ಅಳಿದುಳಿದ ಭಾಗಕ್ಕೆ. ಪುರಾತತ್ವ ಇಲಾಖೆಯ ಹುಲ್ಲುಹಾಸು ಅಚ್ಚುಕಟ್ಟಾಗಿದೆ. ಆ ಪಠ್ಯಪಟ್ಟಿಯನ್ನು ಮಾತ್ರ ಹೊಸಗನ್ನಡದಲ್ಲಿ, ಎಲ್ಲರೂ ಓದುವಂತೆ ದೊಡ್ಡ ಫಲಕದಲ್ಲಿ ಬರೆಸಬೇಕು.

ಇದು ಮೇಲಿನ ತರಗತಿಗಳ ಮಾತಾಯಿತು. ಅಆಇಈ ತಿದ್ದುವ ಮಕ್ಕಳ ಸುದ್ದಿಗೆ ಹತ್ತಿರದ ತಾಳಗುಂದಕ್ಕೆ ಹೋಗಿ. ಅಲ್ಲಿನ ಅಗ್ರಹಾರದ 1158ರ ಶಾಸನ ವೇದ ಹೇಳಿಕೊಡುವವರ ಸಾಲಿನಲ್ಲೇ ಕನ್ನಡ ಅಕ್ಷರ ಕಲಿಸುವವರಿಗೂ ದತ್ತಿ ಬಿಟ್ಟಿದೆ.