ಬೆಲೆಗೆ ಮಿತಿ ಬಂತು, ಅಗತ್ಯಕ್ಕೆ ಅಳತೆ ಬೇಡವೇ?

ಹೃದಯದ ರಕ್ತನಾಳಕ್ಕೆ ಅಳವಡಿಸುವ ಸ್ಟೆಂಟ್‌ಗಳ ಬೆಲೆಗೆ ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಮಿತಿ ಹೇರಿತು. ಔಷಧಲೇಪಿತ ಸ್ಟೆಂಟಿಗೆ ಆಗ ನಿಗದಿಯಾದ ದರ 29,600 ರೂಪಾಯಿ. ಅದು ಸ್ವಾಗತಾರ್ಹ ಕ್ರಮವೇ. ಆದರೆ ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ಬದುಕು ಸವೆಸಿದ ನನಗೆ ಇನ್ನೊಂದು ಪ್ರಶ್ನೆ ಉಳಿದೇ ಇದೆ: ಬೆಲೆ ನಿಯಂತ್ರಣವಾಯಿತು, ಸ್ಟೆಂಟ್ ಯಾರಿಗೆ ಬೇಕು ಎಂಬುದನ್ನು ಅಳೆಯುವುದು ಹೇಗೆ?

ಅಳೆಯುವ ವಿಧಾನಗಳಲ್ಲಿ ನ್ಯೂಕ್ಲಿಯರ್ ಸ್ಟ್ರೆಸ್ ಟೆಸ್ಟ್ ಒಂದು. ರಕ್ತನಾಳ ಎಷ್ಟು ಕಿರಿದಾಗಿದೆ ಎಂಬುದನ್ನು ಆಂಜಿಯೊಗ್ರಾಮ್ ತೋರಿಸುತ್ತದೆ. ಅದರಿಂದ ಹೃದಯದ ಸ್ನಾಯುವಿಗೆ ರಕ್ತ ಕಡಿಮೆಯಾಗುತ್ತಿದೆಯೇ ಎಂಬುದನ್ನು ಈ ಪರೀಕ್ಷೆ ಹೇಳುತ್ತದೆ. ರೋಗಿ ಟ್ರೆಡ್‌ಮಿಲ್ ಮೇಲೆ ನಡೆಯಬೇಕು. ನಡೆಯಲಾಗದವರಿಗೆ ಅಡಿನೊಸಿನ್‌ನಂತಹ ಔಷಧ ಕೊಡುತ್ತಾರೆ. ಚುಚ್ಚುಮದ್ದಿನ ಮೂಲಕ ದೇಹ ಸೇರಿದ ಟೆಕ್ನಿಷಿಯಂ-99ಎಂ ಎಂಬ ವಿಕಿರಣಶೀಲ ವಸ್ತು, ರಕ್ತದ ಹರಿವಿಗೆ ಅನುಗುಣವಾಗಿ ಹೃದಯದ ಸ್ನಾಯುವನ್ನು ತಲುಪುತ್ತದೆ. ಗಾಮಾ ಕ್ಯಾಮೆರಾ ಅದನ್ನು ಚಿತ್ರಿಸುತ್ತದೆ. ವಿಶ್ರಾಂತಿಯಲ್ಲಿ ತುಂಬಿ, ಶ್ರಮದಲ್ಲಿ ಬರಿದಾಗಿ ಕಾಣುವ ಭಾಗ ರಕ್ತದ ಕೊರತೆಯ ಗುರುತು. ಎರಡರಲ್ಲೂ ಬರಿದಾಗಿ ಕಂಡರೆ ಅದು ಸಾಮಾನ್ಯವಾಗಿ ಹಳೆಯ ಹೃದಯಾಘಾತದ ಗಾಯ.

ಪರೀಕ್ಷೆಗೂ ಮಿತಿಗಳುಂಟು. ಇದರಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 10 ಮಿಲಿಸೀವರ್ಟ್; ನಿಸರ್ಗದಿಂದ ನಾಲ್ಕು ವರ್ಷಗಳಲ್ಲಿ ಬರುವಷ್ಟು. ಮೂರೂ ಪ್ರಮುಖ ನಾಳಗಳಲ್ಲಿ ಸಮನಾದ ತಡೆಯಿದ್ದರೆ ಚಿತ್ರ ಸಹಜವೆಂದೇ ತೋರಬಹುದು. ಟೆಕ್ನಿಷಿಯಂನ ಅರ್ಧಾಯುಷ್ಯ ಆರೇ ಗಂಟೆ. ಅದನ್ನು ದಾಸ್ತಾನು ಮಾಡಲಾಗದು. 2009ರಲ್ಲಿ ಕೆನಡಾದ ಒಂದು ರಿಯಾಕ್ಟರ್ ನಿಂತಾಗ ಹಲವು ದೇಶಗಳ ಆಸ್ಪತ್ರೆಗಳು ಪರದಾಡಿದವು.

ಕೊರತೆ ಕಂಡಾಕ್ಷಣ ಸ್ಟೆಂಟ್ ಅನಿವಾರ್ಯವೆಂದೂ ಅಲ್ಲ. 5,179 ರೋಗಿಗಳನ್ನೊಳಗೊಂಡ ‘ಇಸ್ಕೀಮಿಯಾ’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸ್ಥಿರ ಸ್ಥಿತಿಯ ರೋಗಿಗಳಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ, ಔಷಧ ಚಿಕಿತ್ಸೆಗೆ ಹೋಲಿಸಿದರೆ, ಸಾವು ಕಡಿಮೆಯಾಗಲಿಲ್ಲ. ಎದೆನೋವಿದ್ದವರಿಗೆ ಉಪಶಮನ ಹೆಚ್ಚು ದೊರೆಯಿತು. ಎಡ ಮುಖ್ಯ ನಾಳದ ತೀವ್ರ ತಡೆಯುಳ್ಳವರನ್ನು ಅಧ್ಯಯನದಿಂದ ಹೊರಗಿಡಲಾಗಿತ್ತು. ಹೃದಯಾಘಾತವಾಗುತ್ತಿರುವವರ ಮಾತೇ ಬೇರೆ. ಅಲ್ಲಿ ವಿಳಂಬವೇ ಅಪಾಯ.

ವೈದ್ಯಕೀಯದಲ್ಲಿ ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿದಿರುವುದಿಲ್ಲ ಎಂಬುದನ್ನು ಕೆನೆತ್ ಆ್ಯರೋ 1963ರಲ್ಲೇ ವಿವರಿಸಿದ್ದರು. ಬೆಲೆ ಮಿತಿಯೊಂದೇ ಈ ಅಂತರವನ್ನು ತುಂಬದು. ಸಾರ್ವಜನಿಕ ಹಣದಿಂದ ನಡೆಯುವ, ತುರ್ತಲ್ಲದ ಪ್ರತಿಯೊಂದು ಸ್ಟೆಂಟ್ ಚಿಕಿತ್ಸೆಯ ಕಡತದಲ್ಲೂ ಮೂರು ಸಂಗತಿಗಳು ದಾಖಲಾಗಲಿ: ರೋಗಿಯ ಲಕ್ಷಣಗಳು, ಪ್ರಯತ್ನಿಸಿದ ಔಷಧಗಳು ಮತ್ತು ರಕ್ತದ ಕೊರತೆಗಿರುವ ಸಾಕ್ಷ್ಯ. ಅದರ ಪ್ರತಿ ರೋಗಿಯ ಕೈಗೂ ಸಿಗಲಿ.