ಪೊರೆ ತೆಗೆಸಿದ ಕಣ್ಣು ಕೆಂಪಾದರೆ?

ವಯಸ್ಸಾದಂತೆ ನಮ್ಮ ಕಣ್ಣಿಗೆ ಪೊರೆ ಬರುತ್ತದೆ. ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆಯುವ ಚರ್ಮ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಕಣ್ಣಿನ ಒಳಗೆ ಗಾಜಿನಂತೆ ತಿಳಿಯಾದ ಒಂದು ಮಸೂರ ಇದೆ. ಅದು ಮಂಜಾಗುವುದೇ ಪೊರೆ. ಡಾಕ್ಟರು ಕಣ್ಣಿಗೆ ಸಣ್ಣ ಗಾಯ ಮಾಡಿ ಮಂಜಾದ ಮಸೂರ ತೆಗೆಯುತ್ತಾರೆ. ಆ ಜಾಗದಲ್ಲಿ ಹೊಸ ಮಸೂರ ಇಡುತ್ತಾರೆ. ಹೆಚ್ಚಿನವರಿಗೆ ಮತ್ತೆ ಚೆನ್ನಾಗಿ ಕಾಣುತ್ತದೆ.

ಆದರೆ ಒಂದು ಅಪಾಯ ನಮಗೆ ಗೊತ್ತಿರಬೇಕು. ಆ ಗಾಯದ ಮೂಲಕ ರೋಗಾಣು ಕಣ್ಣಿನ ಒಳಗೆ ಹೋಗಬಹುದು. ಆಗ ಒಳಗೆ ಕೀವಾಗುತ್ತದೆ. ಇದನ್ನು ಸೋಂಕು ಅನ್ನುತ್ತಾರೆ. ಇದು ಬಹಳ ಅಪರೂಪ. ಬಂದರೆ ಮಾತ್ರ ಕಣ್ಣೇ ಹೋಗಬಹುದು.

2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಹೀಗಾಯಿತು. ಪೊರೆ ತೆಗೆಸಿಕೊಂಡ ಹಲವರಿಗೆ ಸೋಂಕು ತಗುಲಿತು. ಕೆಲವರ ದೃಷ್ಟಿ ಹೋಯಿತು. ಆಪರೇಷನ್ನಿಗೆ ಬಳಸಿದ ಅಂಟುದ್ರವದಲ್ಲೇ ರೋಗಾಣು ಇತ್ತೆಂದು ಪರೀಕ್ಷೆಯ ವರದಿ ಹೇಳಿತು. ಅಲ್ಲಿ ರೋಗಿಗಳ ತಪ್ಪೇನೂ ಇರಲಿಲ್ಲ. ಇದನ್ನು ಕೇಳಿ ಆಪರೇಷನ್ನೇ ಬೇಡ ಅನ್ನಬಾರದು. ಪೊರೆಯನ್ನು ಹಾಗೇ ಬಿಟ್ಟರೂ ಕುರುಡಾಗುತ್ತದೆ. ಹೆದರುವುದಕ್ಕಿಂತ ಗುರುತು ತಿಳಿಯೋಣ.

ಅಪಾಯದ ಗುರುತುಗಳು

ನೋವು ದಿನದಿಂದ ದಿನಕ್ಕೆ ಹೆಚ್ಚುತ್ತದೆ.
ಕಣ್ಣು ಕೆಂಪಾಗುತ್ತದೆ. ರೆಪ್ಪೆ ಊದುತ್ತದೆ.
ಕೀವು ಬರುತ್ತದೆ.
ನಿನ್ನೆ ಕಂಡದ್ದು ಇವತ್ತು ಮಸುಕಾಗುತ್ತದೆ.

ಸಾಮಾನ್ಯವಾಗಿ ಮೊದಲ ವಾರದಲ್ಲೇ ಹೀಗಾಗುತ್ತದೆ. ತಡವಾಗಿಯೂ ಆಗಬಹುದು. ಎಲ್ಲ ಗುರುತೂ ಕಾಣಲಿ ಅಂತ ಕಾಯಬೇಡಿ. ಒಂದು ಕಂಡರೂ ಸಾಕು, ಹೊರಡಿ.

ನಮ್ಮ ಮನೆಗಳಲ್ಲಿ ಏನಾಗುತ್ತದೆ? “ಕೊಯ್ದ ಕಣ್ಣು, ನೋಯದೆ ಇರುತ್ತಾ?” ಅಂತ ಅಜ್ಜಿ ಸುಮ್ಮನೆ ಮಲಗುತ್ತಾಳೆ. “ನಾಟಿ ಮುಗೀಲಿ, ಆಮೇಲೆ ಹೋಗೋಣ” ಅಂತ ಮಗ ಹೇಳುತ್ತಾನೆ. ಅಷ್ಟರಲ್ಲಿ ಕಣ್ಣು ಕೈಬಿಡುತ್ತದೆ. ಈ ಸೋಂಕಿಗೆ ಬರೀ ಮಾತ್ರೆ ಸಾಲದು. ಮಾತ್ರೆಯ ಔಷಧ ಕಣ್ಣಿನ ಒಳಗೆ ಸಾಕಷ್ಟು ತಲುಪುವುದಿಲ್ಲ. ಡಾಕ್ಟರು ಕಣ್ಣಿನೊಳಗೇ ಸೂಜಿ ಮದ್ದು ಕೊಡಬೇಕಾಗುತ್ತದೆ. ಅದೂ ಬೇಗ ಕೊಡಬೇಕು. ಇಲ್ಲಿ ಒಂದೊಂದು ಗಂಟೆಯೂ ಮುಖ್ಯ. ಆಪರೇಷನ್ ಮಾಡಿದ ಆಸ್ಪತ್ರೆಗೆ ಅದೇ ದಿನ ಹೋಗಿ. ಅದು ದೂರವಾದರೆ ಫೋನ್ ಮಾಡಿ ಕೇಳಿ. ಹತ್ತಿರದ ಯಾವ ಕಣ್ಣಿನ ಡಾಕ್ಟರಾದರೂ ಸರಿ, ತೋರಿಸಿ.

ಮನೆಯಲ್ಲಿ ನಾವು ಮಾಡಬೇಕಾದ್ದು

ಹನಿ ಹಾಕುವ ಮುಂಚೆ ಸೋಪಿನಿಂದ ಕೈ ತೊಳೆಯೋಣ. ಬಾಟಲಿಯ ತುದಿ ಕಣ್ಣಿಗೆ, ರೆಪ್ಪೆಗೆ ತಾಗಬಾರದು. ಕಣ್ಣು ಉಜ್ಜಬಾರದು. ಡಾಕ್ಟರು ಹೇಳುವ ತನಕ ತಲೆಗೆ ನೀರು ಹಾಕಬಾರದು. ಸೀರೆ ಸೆರಗಿನಿಂದ ಕಣ್ಣು ಒರೆಸಬಾರದು. ಒಲೆಯ ಹೊಗೆ, ಕಣದ ಧೂಳು ದೂರವಿರಲಿ. ಎದೆಹಾಲು, ಜೇನುತುಪ್ಪ, ಹರಳೆಣ್ಣೆ, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಬಿಡಬಾರದು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಯಲ್ಲಿ ಇಡಬೇಕು.

ಈಗ ನಮಗೆ ಓದಲು ಬರುತ್ತದೆ. ಆಸ್ಪತ್ರೆಯ ಚೀಟಿಯನ್ನು ಕೈಗೆ ತೆಗೆದುಕೊಳ್ಳೋಣ. ಯಾವ ಕಣ್ಣಿಗೆ ಹನಿ? ದಿನಕ್ಕೆ ಎಷ್ಟು ಸಲ? ಮತ್ತೆ ಯಾವ ತಾರೀಖಿಗೆ ಬರಬೇಕು? ಫೋನ್ ನಂಬರ್ ಇದೆಯಾ? ಚೀಟಿ ಇಂಗ್ಲಿಷಿನಲ್ಲಿದ್ದರೆ “ಕನ್ನಡದಲ್ಲಿ ಬರೆದು ಕೊಡಿ” ಅಂತ ನರ್ಸಮ್ಮನನ್ನು ಕೇಳೋಣ.

ಕೇಳಲು ನಾಚಿಕೆ ಯಾಕೆ? 1942ರಲ್ಲಿ ನಮ್ಮ ಈಸೂರಿನವರು “ಏಸೂರು ಕೊಟ್ಟರೂ ಈಸೂರು ಕೊಡೆವು” ಅಂದರು. ಬ್ರಿಟಿಷರ ಕಾಲದ ಸರಕಾರಕ್ಕೇ ಹೆದರಲಿಲ್ಲ. ಹೆಣ್ಣುಮಕ್ಕಳೂ ಜೈಲಿಗೆ ಹೋದರು. ಅಂಥ ಊರಿನ ನಾವು ಒಂದು ಚೀಟಿಯ ಬಗ್ಗೆ ಕೇಳಲಾರೆವಾ?

ನಿಮ್ಮ ಓಣಿಯಲ್ಲಿ ಪೊರೆ ತೆಗೆಸಿದವರು ಯಾರಿದ್ದಾರೆ? ಇವತ್ತೇ ಹೋಗಿ ಈ ಪಾಠ ಓದಿ ಹೇಳಿ. “ಕಣ್ಣು ಹೇಗಿದೆ, ಅಜ್ಜಿ?” ಅಂತ ತಪ್ಪದೆ ಕೇಳಿ.