ಕಾವಲುಗಾರನ ಋಣ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯಿಂದ ಕಾಲೇಜಿಗೆ ಬರುವ ನಮ್ಮ ಹುಡುಗರಲ್ಲಿ ಕೊರಿಯಾದ ಮಾತೆತ್ತಿದರೆ ಅವರಿಗೆ ಮೊದಲು ನೆನಪಾಗುವುದು ಕಬಡ್ಡಿ. ೨೦೧೬ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿಯೇ, ಅದೂ ನಮ್ಮದೇ ಅಹಮದಾಬಾದಿನಲ್ಲಿ, ಕೊರಿಯಾ ಭಾರತವನ್ನು ೩೪-೩೨ರಿಂದ ಸೋಲಿಸಿದ್ದನ್ನು ಅವರು ಮರೆತಿಲ್ಲ. ಕಾಲ್ಚೆಂಡಾಟದ ಕೊರಿಯಾ ಅವರಿಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಆ ನಾಡಿನ ಕಾಲ್ಚೆಂಡಾಟದಲ್ಲಿ ಹಾಂಗ್ ಮ್ಯುಂಗ್-ಬೊ ಎಂಬವನ ಬಾಳು, ಆಟವನ್ನು ಅರಿಯದವರೂ, ಮುಖ್ಯವಾಗಿ ಪಾಠ ಹೇಳುವ ವೃತ್ತಿಯವರು, ಯೋಚಿಸಬೇಕಾದ ಒಂದು ಕಥೆ.

ಒಂದು ಕಾಲದಲ್ಲಿ ಕೊರಿಯಾ ನಮಗೆ ಸೋತ ತಂಡ. ೧೯೬೨ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತ ೨-೧ರಿಂದ ಗೆದ್ದಿತು. ಅಂದು ಗೋಲು ಹೊಡೆದ ಇಬ್ಬರಲ್ಲಿ ಒಬ್ಬ ಜರ್ನೈಲ್ ಸಿಂಗ್. ಸ್ವಭಾವತಃ ರಕ್ಷಣೆಯ ಆಟಗಾರ. ತಲೆಗೆ ಪೆಟ್ಟಾಗಿದ್ದುದರಿಂದ ಅವನನ್ನು ಮುಂದೆ ನಿಲ್ಲಿಸಿದ್ದರು. ಅದೇ ದಶಕದ ಕೊನೆಗೆ ನಮ್ಮ ಮೈಸೂರು ರಾಜ್ಯ ಎರಡು ವರ್ಷ ಮೇಲಿಂದ ಮೇಲೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆಮೇಲೆ ಅದು ಕನ್ನಡ ನಾಡಿಗೆ ಮತ್ತೆ ಒದಗಿದ್ದು ೨೦೨೩ರ ಮಾರ್ಚಿನಲ್ಲಿ, ದೂರದ ರಿಯಾದಿನಲ್ಲಿ. ನಾವು ಹೀಗೆ ನಿಂತಲ್ಲೇ ನಿಂತಿದ್ದಾಗ ಕೊರಿಯಾ ನಡೆದ ದಾರಿ ಬೇರೆ.

ಹಾಂಗ್ ಹುಟ್ಟಿದ್ದು ೧೯೬೯ರಲ್ಲಿ, ಸಿಯೋಲಿನಲ್ಲಿ. ಆಡಿದ ಸ್ಥಾನ ಎಲ್ಲರಿಗಿಂತ ಹಿಂದೆ, ಗೋಲುಕಾವಲಿನವನ ಮುಂದೆ. ಇಟಲಿಯವರು ಅದಕ್ಕೆ ಲಿಬೆರೊ, ಅಂದರೆ ಸ್ವತಂತ್ರ, ಎನ್ನುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ: ಅವನು ತಂಡದ ನೀರಗಂಟಿ. ತೂಬಿನ ಬಳಿ ನಿಂತು, ಬೇಡದ ಕಡೆಗೆ ಹರಿಯುವುದನ್ನು ತಡೆಯುವುದು ಅರ್ಧ ಕೆಲಸ. ತಡೆದದ್ದನ್ನು ಯಾರ ಗದ್ದೆಗೆ ಬಿಡಬೇಕೆಂದು ತಿಳಿದಿರುವುದು ಇನ್ನರ್ಧ. ಈ ಎರಡನೆಯ ಅರ್ಧದಲ್ಲಿಯೇ ಹಾಂಗನ ಹಿರಿಮೆ. ೧೯೯೪ರ ವಿಶ್ವಕಪ್ಪಿನಲ್ಲಿ ಕೊರಿಯಾ ಸ್ಪೇನಿಗೆ ಎರಡು ಗೋಲುಗಳಿಂದ ಹಿಂದಿದ್ದಾಗ ಒಂದನ್ನು ಹೊಡೆದವನು ಅವನೇ. ಪಂದ್ಯ ೨-೨ರಲ್ಲಿ ಮುಗಿಯಿತು. ಜರ್ಮನಿಯ ಮೇಲೂ ಒಂದು ಗೋಲು ಹೊಡೆದ. ಆ ಪಂದ್ಯ ಮಾತ್ರ ೩-೨ರಿಂದ ಕೈಬಿಟ್ಟಿತು.

ಐದು ವಿಶ್ವಕಪ್ಪುಗಳಲ್ಲಿ ಆಡಿಯೂ ಕೊರಿಯಾ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ೨೦೦೨ರಲ್ಲಿ ತವರಿನಲ್ಲಿ ಅವನ ನಾಯಕತ್ವದ ತಂಡ ಪೋಲೆಂಡ್, ಪೋರ್ಚುಗಲ್, ಇಟಲಿಗಳನ್ನು ಸೋಲಿಸಿತು. ಎಂಟರ ಘಟ್ಟದಲ್ಲಿ ಸ್ಪೇನಿನ ಎದುರು ಪೆನಾಲ್ಟಿಗಳ ಸರದಿಯಲ್ಲಿ ಕೊನೆಯ ಒದೆತ ಹಾಂಗನದು. ಅದರೊಂದಿಗೆ ಏಷ್ಯದ ತಂಡವೊಂದು ಮೊದಲ ಬಾರಿಗೆ ನಾಲ್ಕರ ಘಟ್ಟವನ್ನು ಮುಟ್ಟಿತು. ಕೂಟದ ಮೂರನೆಯ ಶ್ರೇಷ್ಠ ಆಟಗಾರನೆಂದು ಅವನಿಗೆ ಕಂಚಿನ ಚೆಂಡು ದೊರೆಯಿತು. ಆದರೆ ಕಾವಲುಗಾರನ ಹಣೆಬರಹ ನೋಡಿ. ಅವನ ಕೊನೆಯ ವಿಶ್ವಕಪ್ ಪಂದ್ಯ ತುರ್ಕಿಯ ಎದುರು. ಆರಂಭದಲ್ಲಿಯೇ ಚೆಂಡು ಅವನ ಕಾಲಿನಿಂದ ಜಾರಿತು, ಹನ್ನೊಂದು ಸೆಕೆಂಡಿನೊಳಗೆ ಗೋಲಾಯಿತು. ವಿಶ್ವಕಪ್ಪಿನ ಅತಿ ವೇಗದ ಗೋಲೆಂದು ಇಂದಿಗೂ ಅದನ್ನು ಎಣಿಸುತ್ತಾರೆ. ಅದಕ್ಕೆ ಮೊದಲು ಅವನು ತಡೆದ ಗೋಲುಗಳಿಗೆ ಅಂಥ ಎಣಿಕೆಯುಂಟೆ?

ದೇಶಕ್ಕಾಗಿ ೧೩೬ ಪಂದ್ಯಗಳನ್ನಾಡಿ ಮುಗಿಸಿದ ಮೇಲೆ ಅವನು ಗುರುವಾದ. ೨೦೦೯ರಲ್ಲಿ ಇಪ್ಪತ್ತರೊಳಗಿನ ಹುಡುಗರನ್ನು ಕೈಗೆತ್ತಿಕೊಂಡು, ಅವರಲ್ಲಿ ಹಲವರನ್ನು ೨೦೧೨ರ ಲಂಡನ್ ಒಲಿಂಪಿಕ್ಸಿನವರೆಗೆ ಬೆಳೆಸಿದ. ಕೊರಿಯಾದಲ್ಲಿ ಗಂಡುಮಕ್ಕಳಿಗೆ ಸೈನ್ಯಸೇವೆ ಕಡ್ಡಾಯ. ಒಲಿಂಪಿಕ್ ಪದಕ ಗೆದ್ದವನಿಗೆ ವಿನಾಯಿತಿ. ಪಾರ್ಕ್ ಚು-ಯಂಗ್ ಎಂಬ ಆಟಗಾರ ಮೊನಾಕೊದ ವಾಸದ ಪರವಾನಗಿಯಿಂದ ಆ ಸೇವೆಯನ್ನು ಮುಂದೂಡಿಸಿಕೊಂಡು ಜನರ ಕೋಪಕ್ಕೆ ಗುರಿಯಾಗಿದ್ದ. ಹಾಂಗ್ ಪತ್ರಕರ್ತರೆದುರು ಅವನ ಪಕ್ಕದಲ್ಲಿ ಕುಳಿತು, ಇವನು ಹೋಗದಿದ್ದರೆ ಇವನ ಬದಲಿಗೆ ನಾನು ಸೈನ್ಯಕ್ಕೆ ಹೋಗುತ್ತೇನೆ ಎಂಬರ್ಥದ ಮಾತನ್ನಾಡಿದ. ಕಾರ್ಡಿಫ್‌ನಲ್ಲಿ ಜಪಾನಿನ ಮೇಲೆ ಕಂಚಿಗಾಗಿ ನಡೆದ ಪಂದ್ಯದಲ್ಲಿ ಮೊದಲ ಗೋಲು ಆ ಪಾರ್ಕ್‌ನದೇ. ಕೊರಿಯಾ ೨-೦ರಿಂದ ಮುಂದಿತ್ತು. ಇನ್ನು ಕೆಲವೇ ನಿಮಿಷಗಳು. ಕೂಟದುದ್ದಕ್ಕೂ ಕಣಕ್ಕಿಳಿಯದಿದ್ದ ಕಿಮ್ ಕೀ-ಹೀಯನ್ನು ಹಾಂಗ್ ಆಗ ಆಟಕ್ಕೆ ಇಳಿಸಿದ. ಆಡದವನಿಗೆ ವಿನಾಯಿತಿಯಿಲ್ಲವೆಂಬ ನಿಯಮವನ್ನು ಅವನು ಮರೆತಿರಲಿಲ್ಲ. ನನ್ನ ಮಟ್ಟಿಗೆ ಅವನ ಗೋಲುಗಳೆಲ್ಲವುಗಳಿಗಿಂತ ಈ ಬದಲಾವಣೆಯೇ ದೊಡ್ಡದು.

ಇದೇ ಗುಣ ಎರಡು ವರ್ಷಗಳ ತರುವಾಯ ಅವನನ್ನು ಕೆಡವಿತು. ತಮ್ಮ ಕ್ಲಬ್ಬುಗಳಲ್ಲಿ ತಪ್ಪದೆ ಆಡುತ್ತಿರುವವರನ್ನು ಮಾತ್ರ ಆರಿಸುವೆನೆಂದು ಹೇಳಿದ್ದವನು, ಆಟವಿಲ್ಲದೆ ಬೆಂಚಿನಲ್ಲಿ ಕುಳಿತಿದ್ದ ಪಾರ್ಕ್‌ನನ್ನು ೨೦೧೪ರ ವಿಶ್ವಕಪ್ಪಿಗೆ ಕರೆದೊಯ್ದ. ಪಾರ್ಕ್ ಗೋಲು ಹೊಡೆಯಲಿಲ್ಲ. ರಷ್ಯದೊಂದಿಗೆ ಸಮ, ಅಲ್ಜೀರಿಯಕ್ಕೆ ೪-೨, ಬೆಲ್ಜಿಯಮ್ಮಿಗೆ ೧-೦ ಸೋಲು. ಇಂಚನ್ ವಿಮಾನನಿಲ್ದಾಣದಲ್ಲಿ ತಂಡದ ಮೇಲೆ ಜನ ಮಿಠಾಯಿ ಎಸೆದರು. ಬೆಲ್ಲದ ಸೀಮೆಯವರಾದ ನಮಗೆ ಸಿಹಿಯಿಂದ ಹೊಡೆಯುವುದು ವಿಚಿತ್ರವೆನಿಸೀತು. ಅಲ್ಲಿ ಅದು ಕಟುವಾದ ಬೈಗುಳ. ನಂಬಿದವರನ್ನು ಕೈಬಿಡದಿರುವ ಶೀಲಕ್ಕೆ ಕೊರಿಯದ ನುಡಿಯಲ್ಲಿ ಉಯಿರಿ ಎಂದು ಹೆಸರು. ಮೆಚ್ಚುವ ಆ ಮಾತನ್ನೇ ಪತ್ರಿಕೆಗಳು ಅವನ ಮೇಲೆ ಹಾಸ್ಯವಾಗಿ ತಿರುಗಿಸಿದವು. ಜುಲೈಯಲ್ಲಿ ಅವನು ರಾಜೀನಾಮೆಯಿತ್ತ.

ಹಳೆಯ ಶಿಷ್ಯನ ಮೇಲಿನ ನಂಬಿಕೆ ಯಾವ ಗಳಿಗೆಯಲ್ಲಿ ಪಕ್ಷಪಾತವಾಗುತ್ತದೆ? ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆಯನ್ನು ಬರೆಸುವ ನಮಗೆ ಈ ಪ್ರಶ್ನೆ ಹೊಸದಲ್ಲ. ತಂಡವನ್ನಾರಿಸುವವನಿಗೆ ಆ ಆಸರೆಯಿಲ್ಲ. ಹೆಸರು, ಮುಖ, ಹಿಂದಿನ ಉಪಕಾರ ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ೨೦೧೨ರಲ್ಲಿ ಹಾಂಗ್ ಸರಿ, ೨೦೧೪ರಲ್ಲಿ ತಪ್ಪು ಎಂದು ತೀರ್ಪಿತ್ತವರು ಫಲವನ್ನು ಕಂಡ ಮೇಲೆ ಮಾತನಾಡಿದವರು. ಎರಡರಲ್ಲಿಯೂ ಮನುಷ್ಯ ಒಬ್ಬನೇ.

ಮುಂದಿನದು ಬೇಗ ಹೇಳಿಬಿಡಬಹುದು. ಚೀನದಲ್ಲಿ ಕೆಲಕಾಲ, ಕಾಲ್ಚೆಂಡು ಸಂಸ್ಥೆಯ ಕಚೇರಿಯಲ್ಲಿ ಕೆಲಕಾಲ ಕಳೆದು, ೨೦೨೧ರಲ್ಲಿ ಉಲ್ಸಾನ್ ತಂಡಕ್ಕೆ ಬಂದ. ಹದಿನೇಳು ವರ್ಷ ಲೀಗ್ ಪಟ್ಟ ಕಾಣದಿದ್ದ ಆ ತಂಡ ೨೦೨೨ರಲ್ಲಿ ಗೆದ್ದಿತು, ೨೦೨೩ರಲ್ಲಿ ಮತ್ತೆ ಗೆದ್ದಿತು. ೨೦೨೪ರ ಜುಲೈಯಲ್ಲಿ, ಋತುವಿನ ನಡುವೆಯೇ, ರಾಷ್ಟ್ರತಂಡದ ಕರೆಗೆ ಓಗೊಟ್ಟ. ಕೈಬಿಡದವನೆಂದು ಹೆಸರಾದವನು ಈಗ ತಮ್ಮನ್ನು ಕೈಬಿಟ್ಟನೆಂದು ಉಲ್ಸಾನಿನವರು ಕೆರಳಿದರು. ನೇಮಕದ ರೀತಿಯ ಬಗ್ಗೆ ಸಂಸತ್ತಿನ ಸಮಿತಿ ಅವನನ್ನು ಕರೆಸಿ ಪ್ರಶ್ನಿಸಿತು. ಆ ಸೆಪ್ಟೆಂಬರಿನಲ್ಲಿ ಸಿಯೋಲಿನ ಮೈದಾನದಲ್ಲಿ ಪ್ಯಾಲೆಸ್ಟೈನಿನ ಎದುರು ಪಂದ್ಯ ಗೋಲಿಲ್ಲದೆ ಮುಗಿಯಿತು. ಅವನ ಹೆಸರು ಕೇಳಿದಾಗ, ೨೦೦೨ರಲ್ಲಿ ಅವನಿಗಾಗಿ ಕೆಂಪು ಅಂಗಿ ತೊಟ್ಟು ಕೂಗಿದ್ದ ಊರಿನ ಜನರೇ ಧಿಕ್ಕರಿಸಿದರು. ಒಂಬತ್ತು ತಿಂಗಳ ಮೇಲೆ, ೨೦೨೫ರ ಜೂನ್ ೫ರಂದು, ಬಸ್ರಾದಲ್ಲಿ ಇರಾಕನ್ನು ೨-೦ರಿಂದ ಸೋಲಿಸಿ ಅವನ ತಂಡ ೨೦೨೬ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು.